ಹೆಬ್ಬಾತು ನೌಕೆಯಲ್ಲಿ ನಾಲ್ಕು ಚೌಕ

ಮಾರ್ಚ್ ೩

ಘನತೆವೆತ್ತ ಸೂತ್ರಧಾರರಿಗೆ, ಹೆಬ್ಬಾತು ಅಂತರಿಕ್ಷ ನೌಕೆಯ ಕ್ಯಾಪ್ಟನ್ ಮಾಡಿಕೊಳ್ಳುವ ಬಿನ್ನಹ.

ಮೊದಲೇ ಹೇಳಿಬಿಡುತ್ತೇನೆ, ಇದು ಮನೆಯ ವಿಷಯವಲ್ಲ. "ಮನೆಗೆ ಬಾ ಅನ್ನೋ ಮಾತು ಇನ್ನೊಂದು ಸಲ ಎತ್ತಿದ್ರೆ ಫೋನ್ ಇಟ್ಬಿಡ್ತೀನಿ" ಎಂದು ನೀನು ಭಾನುವಾರ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಇಟ್ಟೂಬಿಟ್ಟೆ. ನಾನು ಆಮೇಲೂ ಸ್ವಲ್ಪ ಹೊತ್ತು ಮಾತಾಡಿದೆ. ನಿನ್ನ ಭಾವ ಬಂದು ಫೋನನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡರು. ಹೀಗಾಗಿ ಮನೆಯ ವಿಷಯ ಅಲ್ಲಿಗೆ ಮುಗಿಯಿತು. ಇದು ಅಪ್ಪಟ ನೌಕೆಯ ವ್ಯವಹಾರ. ನೌಕೆಯ ವ್ಯವಹಾರ ಕಾಗದದಲ್ಲೇ ಆಗಬೇಕೆಂದು ಕಾನೂನು ಮಾಡಿದವನು ನೀನೇ. ನೀನು ಬೋರ್ಡು ಬರೆಯಲು ಊರೂರು ಅಲೆಯುತ್ತಿದ್ದ ಕಾಲದಲ್ಲಿ, ಫೋನಿನಲ್ಲಿ ಆಡಿದ ನಡೆಯನ್ನು ಭಾವ "ನಾನು ಹಾಗೆ ಅನ್ನಲೇ ಇಲ್ಲ" ಎಂದು ನುಂಗಿ ನೀರು ಕುಡಿದ ದಿನ, ಕಾಗದದಲ್ಲಿ ಬರೆದದ್ದು ಮಾತ್ರ ನಡೆ, ಬರೆದ ಮೇಲೆ ಹಿಂದೆ ಸರಿಯುವಂತಿಲ್ಲ ಎಂದು ತೀರ್ಪು ಕೊಟ್ಟೆ. ಆ ತೀರ್ಪಿನ ನೆರಳಿನಲ್ಲೇ ಈಗ ನಿಂತಿದ್ದೇನೆ.

ಅಂದ ಹಾಗೆ, ನಿಮ್ಮ ಆರೈಕೆ ಕೇಂದ್ರದ ನರ್ಸಮ್ಮ ನನಗೆ ಫೋನ್ ಮಾಡಿದ್ದರು. ನಿನ್ನ ದಿಂಬಿನ ಕೆಳಗೆ ಚೌಕಳಿ ಹಾಳೆಗಳು ಸಿಕ್ಕಿದವಂತೆ, ಮನೆ ಕಟ್ಟಿಸುತ್ತಿದ್ದೀರಾ ಎಂದು ಕೇಳಿದರು. ತಾಳ್ಮೆಯಿಂದ ವಿವರಿಸಿದೆ. ಇದು ಮೇಜಿನ ಸುತ್ತ ಕೂತು ಆಡುವ ಆಟ. ಸೂತ್ರಧಾರ ಕಥೆ ಹೇಳುತ್ತಾನೆ, ಮಿಕ್ಕವರು ಆ ಕಥೆಯೊಳಗಿನ ಜನರಾಗುತ್ತಾರೆ, ಸಾಹಸ ಮಾಡಬೇಕಾದಾಗ ದಾಳ ಹಾಕುತ್ತಾರೆ. ನಾನು ನೌಕೆಯ ಕ್ಯಾಪ್ಟನ್, ನಮ್ಮ ಯಜಮಾನರು ಇಂಜಿನ್ ನೋಡಿಕೊಳ್ಳುತ್ತಾರೆ, ಎದುರುಮನೆಯ ಟೀಚರ್ ರಿಟೈರಾದ ಮೇಲೆ ನಕ್ಷತ್ರಗಳ ನಡುವೆ ದಾರಿ ತೋರಿಸುತ್ತಾರೆ ಎಂದೆ. ನರ್ಸಮ್ಮ, ನಿಮಗೆ ಮಕ್ಕಳಿದ್ದಾರಾ ಎಂದರು. ಮಗಳು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾಳೆ ಎಂದೆ. ಅವಳಿಗೆ ಈ ವಿಷಯ ಗೊತ್ತಾ ಎಂದರು.

ಈಗ ಬಿನ್ನಹ. ನಮ್ಮ ನಕ್ಷೆಗಾರ, ಅಂದರೆ ನೀನು ಸೂತ್ರಧಾರನಾಗಿದ್ದೂ ಆಸೆ ತಡೆಯಲಾರದೆ ಆಡಿಸುವ ಆ ಒಂದು ಪಾತ್ರ, ಚಂದ್ರನ ಮೇಲಿನ ನಿಲ್ದಾಣದಲ್ಲಿ ಉಳಿದುಕೊಂಡಿದ್ದಾನೆ. ಅವನ ಹತ್ತಿರ ಈಗ ಒಂದು ವಾಹನವಿದೆ: ಒಂದೇ ಸೀಟು, ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಚಿಕ್ಕವು. ಇನ್ನು ಮುಂದೆ ಗಾಲಿಯೇ ಕಾಲು ಎಂದು ಡಾಕ್ಟರು ಹೇಳಿದ್ದನ್ನು ನೀನು ನನಗೆ ನಾಳೆ ಮೋಡ ಬರುತ್ತದಂತೆ ಅನ್ನುವ ಧ್ವನಿಯಲ್ಲಿ ತಿಳಿಸಿದೆಯಲ್ಲ, ಹೆಚ್ಚು ಕಡಿಮೆ ಅಂಥದೇ ವಾಹನ. ಅವನನ್ನು ವಾಹನ ಸಮೇತ ಹೆಬ್ಬಾತಿಗೆ ಹತ್ತಿಸಿಕೊಳ್ಳಬೇಕೆಂದು ಸಿಬ್ಬಂದಿ ಒಮ್ಮತದಿಂದ ತೀರ್ಮಾನಿಸಿದೆ.

ತೊಡಕು ಒಂದೇ. ನಿಯಮದ ಪುಸ್ತಕದಲ್ಲಿ ನೌಕೆಗೆ ಎಷ್ಟು ತೋಪು, ಎಷ್ಟು ಮಂಚ, ಎಷ್ಟು ಮೂಟೆ ಎಲ್ಲ ಇದೆ. ಎಷ್ಟು ವಾಹನ ಹಿಡಿಯುತ್ತದೆ ಎಂಬುದು ಮಾತ್ರ ಇಲ್ಲ. ಬರೆದ ಮಹಾನುಭಾವ ಎಲ್ಲ ಕಡೆಗೂ ನಡೆದೇ ಹೋಗುತ್ತಿದ್ದನೆಂದು ಕಾಣುತ್ತದೆ. ಹಾಗಾಗಿ ಅಂದಾಜು ನಾನೇ ಕಟ್ಟಿದ್ದೇನೆ. ಇಷ್ಟು ವರ್ಷ ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿದವಳು ನಾನು. ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ಹಿಡಿಯುತ್ತೇವೆ, ನೆರಿಗೆ ಬೀಳಬೇಕಲ್ಲ. ಆ ಪ್ರಕಾರ ವಾಹನ ನಿನ್ನ ನಕ್ಷೆಯಲ್ಲಿ ಒಂದು ಚೌಕವಾದರೆ ಅದಕ್ಕೆ ಬೇಕಾದ ಜಾಗ ಎರಡು ಚೌಕ. ನೀನು ಹೊಸದಾಗಿ ಯೋಚಿಸಲು ಸೋಮಾರಿತನಪಟ್ಟು ಹೆಬ್ಬಾತಿನ ಕೆಳ ಅಂತಸ್ತನ್ನು ನಮ್ಮ ಮನೆಯ ಕೆಳಭಾಗ ನೋಡಿಯೇ ಬರೆದಿದ್ದೀಯ. ಅದಕ್ಕೂ ಈ ಬಿನ್ನಹಕ್ಕೂ ಸಂಬಂಧವಿಲ್ಲ.

ಕೃಪೆಯಿಟ್ಟು ಮಂಜೂರು ಮಾಡಿ.

ಕ್ಯಾಪ್ಟನ್ (ಅಕ್ಕ)



ಮಾರ್ಚ್ ೧೧

ಹೆಬ್ಬಾತಿನ ಕ್ಯಾಪ್ಟನ್ ಅವರಿಗೆ, ಸೂತ್ರಧಾರನ ತೀರ್ಪು: ಜಾಗವಿಲ್ಲ.

ಇಷ್ಟು ಬರೆದು ಲಕೋಟೆ ಅಂಟಿಸೋಣವೆಂದಿದ್ದೆ. ಆದರೆ ಇಲ್ಲಿನ ಫಿಸಿಯೋ ಮೇಡಂ ಹೆಗಲ ಮೇಲೆ ಬಗ್ಗಿ ನೋಡಿ, ಬರೆಯುವುದು ಕೈಗೆ ಒಳ್ಳೆಯದು, ಇನ್ನೊಂದು ಪುಟ ಬರೆಯಿರಿ ಎಂದರು. ಅವರ ಮಾತಿಗೆ ಇಲ್ಲಿ ಎದುರು ಹೇಳುವವರಿಲ್ಲ. ಹೇಳಿದವರು ಮರುದಿನ ರಬ್ಬರ್ ಪಟ್ಟಿ ಎಳೆಯುತ್ತ ಪಶ್ಚಾತ್ತಾಪ ಪಡುತ್ತಿರುತ್ತಾರೆ. ಆದ್ದರಿಂದ ಕಾರಣ ಕೊಡುತ್ತೇನೆ.

ನಿನ್ನ ಪರದೆ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಅಕ್ಕಾ, ಪರದೆ ತೂಗುಹಾಕಿದಲ್ಲೇ ತೂಗುತ್ತದೆ. ವಾಹನ ತಿರುಗಬೇಕು. ನಿಯಮದ ಪುಸ್ತಕಗಳು ಮಾಡುವ ತಪ್ಪೇ ಇದು. ವಾಹನದ ಉದ್ದ, ಅಗಲ, ಎತ್ತರ ಅಳೆದು, ಇಷ್ಟು ಜಾಗ ಸಾಕು ಎಂದು ಷರಾ ಬರೆದುಬಿಡುತ್ತಾರೆ. ಒಳಗೆ ಬಂದ ವಾಹನ ಹೊರಗೆ ಹೋಗುವುದು ಹೇಗೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತು ಕೈ ಕೊಡಲು ಸ್ಥಳವಿದೆಯೇ, ಇದನ್ನು ಯಾರೂ ಕೇಳುವುದಿಲ್ಲ. ನನಗೆ ಈಗ ಈ ಶಾಸ್ತ್ರದಲ್ಲಿ ಸ್ವಂತ ಅನುಭವವಿದೆ. ಇಲ್ಲಿನ ಕಾರಿಡಾರಿನ ತಿರುವಿನಲ್ಲಿ ಒಂದು ನೀರಿನ ಡ್ರಮ್ಮಿದೆ. ಅದಕ್ಕೂ ನನಗೂ ದಿನಾ ಭೇಟಿಯಾಗುತ್ತದೆ. ಒಂದು ಚೌಕದ ವಾಹನಕ್ಕೆ ಬೇಕಾದದ್ದು ನಾಲ್ಕು ಚೌಕ, ಒಂದೂ ಕಡಿಮೆಯಿಲ್ಲ.

ಹೆಬ್ಬಾತಿನ ಕೆಳ ಅಂತಸ್ತಿನಲ್ಲಿ ಅಡುಗೆಕೋಣೆ, ಬಚ್ಚಲು, ಮೆಟ್ಟಿಲು, ಮೇಜಿನ ಕೋಣೆ, ಇಷ್ಟೇ ಇರುವುದು. ನಾಲ್ಕು ಚೌಕ ಎಲ್ಲಿಂದ ತರುತ್ತೀ?

ನಕ್ಷೆಗಾರನ ಚಿಂತೆ ಬೇಡ. ನಿಲ್ದಾಣ ಚೆನ್ನಾಗಿದೆ. ಹಿಂಭಾಗದ ವಸತಿಯಲ್ಲಿ ಅವನಿಗೊಂದು ಕೋಣೆ ಕೊಡುತ್ತಾರಂತೆ. ಮೇ ತಿಂಗಳ ಕೊನೆಗೆ ಕಾಗದಕ್ಕೆ ಸಹಿ ಹಾಕಿದರೆ ಕೋಣೆ ಖಾಯಂ. ಬದಲಿಗೆ ಅಲ್ಲಿನ ಬೋರ್ಡುಗಳನ್ನೆಲ್ಲ ಅವನು ಬರೆದುಕೊಡಬೇಕು. ಮೊದಲ ಬೋರ್ಡು ಆಗಲೇ ಮುಗಿದಿದೆ: "ಕಾರಿಡಾರಿನಲ್ಲಿ ಓಡಬಾರದು". ಇಲ್ಲಿ ಓಡುವವರು ಯಾರೂ ಇಲ್ಲ. ಆದರೂ ಕೆಂಪಕ್ಷರದಲ್ಲಿ ಲಕ್ಷಣವಾಗಿ ಕಾಣುತ್ತದೆ. ಮುಖ್ಯವಾಗಿ, ಏಣಿ ಹತ್ತದೆ ಬರೆದ ನನ್ನ ಮೊದಲ ಬೋರ್ಡು ಅದು.

ಹೆಬ್ಬಾತು ನಿಶ್ಚಿಂತೆಯಿಂದ ಹೊರಡಲಿ.

ಸೂತ್ರಧಾರ (ತಮ್ಮ)



ಮಾರ್ಚ್ ೨೦

ಸೂತ್ರಧಾರರಿಗೆ, ಕ್ಯಾಪ್ಟನ್ನಿಂದ, ವೈಜ್ಞಾನಿಕ ವರದಿ.

ತಾವು ನಾಲ್ಕು ಚೌಕವೆಂದು ಅಪ್ಪಣೆ ಕೊಡಿಸಿದಿರಿ. ನಾವು ಪ್ರಯೋಗ ಮಾಡಿದೆವು. ನಿನ್ನ ನಕ್ಷೆಯ ಚೌಕಗಳನ್ನು ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದೆ. ನಿನ್ನ ಭಾವ ತಮ್ಮ ದಂತಚಿಕಿತ್ಸಾಲಯದಿಂದ ಗಾಲಿಯಿರುವ ಸ್ಟೂಲನ್ನು ತಂದರು. ನಿನ್ನ ವಾಹನದಷ್ಟು ಅಗಲ ಬರಲೆಂದು ಅದಕ್ಕೆ ಅಡ್ಡಲಾಗಿ ಎರಡು ಹಲಗೆ ಕಟ್ಟಿ, ಭಾವನನ್ನೇ ಮೇಲೆ ಕೂರಿಸಿದೆವು. ದಿನವಿಡೀ ಜನರ ಬಾಯೊಳಗೆ ಕೈ ಹಾಕಿ ಬದುಕುವ ಮನುಷ್ಯ. ಜಾಗ ಸಾಲದು ಎಂಬ ಮಾತು ಅವರಿಗೆ ಅರ್ಥವಾಗುವುದಿಲ್ಲ. ಕೊನೆಯ ಹಲ್ಲಿನ ಹಿಂದೆ ಕೂಡ ಕೆಲಸ ಮಾಡಿದ್ದೇನೆ, ಇದ್ಯಾವ ಲೆಕ್ಕ ಎಂದು ಹೊರಟರು.

ಅಡುಗೆಕೋಣೆಯ ಬಾಗಿಲು ದಾಟಿದರು. ಬಚ್ಚಲ ಹತ್ತಿರ ತಿರುಗಲು ಹೋಗಿ ಮೆಟ್ಟಿಲಿಗೂ ಗೋಡೆಗೂ ನಡುವೆ ಹಲಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದೇ ಸಮಯಕ್ಕೆ ಹಲ್ಲುನೋವಿನವರೊಬ್ಬರು ದವಡೆ ಹಿಡಿದುಕೊಂಡು ಡಾಕ್ಟರನ್ನು ಹುಡುಕಿಕೊಂಡು ಮನೆಗೇ ಬಂದರು. ಭಾವ ಅಲ್ಲಿಂದಲೇ ಗಂಭೀರವಾಗಿ, ಬಾಯಿ ತೆಗೀರಿ ಎಂದರು. ಬಂದವರು ನೋವು ಕಡಿಮೆಯಾಗಿದೆ ಎಂದು ಹೇಳಿ ಹೊರಟುಹೋದರು. ಆಮೇಲೆ ಹಲಗೆ ಬಿಚ್ಚಿ ಭಾವನನ್ನು ಬಿಡಿಸಿದೆವು.

ಫಲಿತಾಂಶ: ತಾವು ಹೇಳಿದ್ದು ಸರಿ. ಎರಡು ಸಾಲದು, ನಾಲ್ಕು ಬೇಕು. ಪರದೆ ಲೆಕ್ಕವನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಆದ್ದರಿಂದ ಈ ನಡೆ. ಹೆಬ್ಬಾತಿನ ಮೇಜಿನ ಕೋಣೆಯನ್ನು ವಾಹನದ ಕೋಣೆ ಮಾಡುವುದೆಂದು ಕ್ಯಾಪ್ಟನ್ ಆಜ್ಞೆ ಹೊರಡಿಸಿದ್ದಾಳೆ. ಅಲ್ಲಿರುವ ದೊಡ್ಡ ಮೇಜು ಮೆಟ್ಟಿಲಲ್ಲಿ ಹಿಡಿಸುವುದಿಲ್ಲ. ಎರಡು ತುಂಡು ಮಾಡಿ ಒಂದನ್ನು ಮಹಡಿಗೆ ಸಾಗಿಸುವುದು, ಇನ್ನೊಂದನ್ನು ಯಾರಿಗಾದರೂ ಕೊಡುವುದು. ಬಡಗಿಯ ಹತ್ತಿರ ಮಾತಾಡಿಯಾಗಿದೆ. ಬಟ್ಟೆಯನ್ನು ನೆಲದ ಮೇಲೆ ಹಾಸಿ ಕತ್ತರಿಸಿದರಾಯಿತು. ಆಟವನ್ನು ಮಂಚದ ಮೇಲೆ ಕೂತು ಆಡಿದರಾಯಿತು. ದಾಳ ಹಾಸಿಗೆಯ ಮೇಲೆ ಸರಿಯಾಗಿ ಉರುಳುವುದಿಲ್ಲ ಎಂದು ಟೀಚರ್ ಗೊಣಗಿದರು, ನಾನು ಗಮನಿಸಲಿಲ್ಲ.

ಇನ್ನೊಂದು ಮಾತು, ಇದು ನೌಕೆಯದಲ್ಲ. ನಿನ್ನ ಕಾಗದದಲ್ಲಿ ಫಿಸಿಯೋ ಮೇಡಂ ವಿಷಯ ಬಂದಿತ್ತು. ಅದಕ್ಕೂ ಮೊದಲು ಫೋನಿನಲ್ಲೂ ಬಂದಿತ್ತು. ಅಲ್ಲೇ ಉಳಿಯಲು ಅದೇನಾದರೂ ಕಾರಣವಾಗಿದ್ದರೆ ಅಕ್ಕನ ಹತ್ತಿರ ಸಂಕೋಚವೇಕೆ? ಅವರಿಗೆ ಪರದೆ ಯಾವ ಬಣ್ಣದ್ದು ಇಷ್ಟ ಅಂತ ಕೇಳಿ ಬರಿ.

ಕ್ಯಾಪ್ಟನ್



ಮಾರ್ಚ್ ೨೮

ಅಕ್ಕ,

ಮೇಜು ಕೊಯ್ಯುವ ನಡೆ ಅಸಿಂಧು. ನೌಕೆಯ ಮೇಜನ್ನು ಯಾರೂ ಮುಟ್ಟುವಂತಿಲ್ಲ. ಸೂತ್ರಧಾರನಾಗಿ ಇದು ನನ್ನ ಕೊನೆಯ ಮಾತು.

ಫಿಸಿಯೋ ಮೇಡಂಗೆ ಗಂಡ ಇದ್ದಾರೆ, ಅವಳಿಜವಳಿ ಮಕ್ಕಳಿದ್ದಾರೆ. ಅವರಿಗೆ ನನ್ನ ಎಡಭುಜದ ಮೇಲಷ್ಟೇ ಪ್ರೀತಿ.

ನಕ್ಷೆಗಾರ ಬರುವುದಿಲ್ಲ. ಆಟವನ್ನು ಸದ್ಯಕ್ಕೆ ನಿಲ್ಲಿಸೋಣ. ಬಡಗಿಗೆ ಬೇಡವೆಂದು ಹೇಳಿಬಿಡು.

ತಮ್ಮ



ಏಪ್ರಿಲ್ ೧೯

ಪುಟ್ಟಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಮಾಷೆಯಾಗಿ ಉತ್ತರ ಬರೆಯೋಣವೆಂದು ಆಗಿನಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ. ಘನತೆವೆತ್ತ ಎಂದು ಶುರು ಮಾಡುತ್ತೇನೆ, ಮುಂದೆ ಪೆನ್ನು ಹೋಗುವುದಿಲ್ಲ.

ಫೋನಿನಲ್ಲಿ ನೀನು ಚೆನ್ನಾಗಿದ್ದೇನೆ ಅನ್ನುತ್ತೀಯ, ನಾನೂ ಚೆನ್ನಾಗಿದ್ದೇವೆ ಅನ್ನುತ್ತೇನೆ. ಇಬ್ಬರಿಗೂ ಆ ಸಾಲು ಬಾಯಿಪಾಠವಾಗಿದೆ. ಕಾಗದದಲ್ಲಿ ಸುಳ್ಳು ಹೇಳಬಾರದು, ಬರೆದ ಮೇಲೆ ಹಿಂದೆ ಸರಿಯುವಂತಿಲ್ಲವಲ್ಲ. ಅದಕ್ಕೇ ಇಲ್ಲಿ ಕೇಳುತ್ತೇನೆ.

ನಾನು ಎರಡು ಚೌಕ ಅಂದೆ, ನೀನು ಸಾಲದು ಅಂದೆ. ನಾನು ನಾಲ್ಕು ಮಾಡಿದೆ, ನೀನು ಆಟವನ್ನೇ ನಿಲ್ಲಿಸು ಅಂದೆ. ಅಂದರೆ ಚೌಕದ ಮಾತು ನೆಪ, ಅಲ್ಲವಾ? ನಿನಗೆ ನಮ್ಮ ಜೊತೆ ಇರುವುದು ಬೇಡವಾಗಿದೆ. ಭಾವ ಎಲ್ಲದಕ್ಕೂ ನಗುತ್ತಾರೆ, ನಾನು ಎಲ್ಲದರಲ್ಲೂ ಮೂಗು ತೂರಿಸುತ್ತೇನೆ, ನನಗೇ ಗೊತ್ತಿದೆ. ಚಿಕ್ಕವನಿದ್ದಾಗ ನಿನ್ನ ಅಂಗಿಗೆ ಗುಂಡಿ ಹಾಕುತ್ತಿದ್ದವಳು, ಈಗ ನೀನು ಏಣಿಯಿಂದ ಬಿದ್ದೆ ಎಂದ ಕೂಡಲೇ ಮತ್ತೆ ಗುಂಡಿ ಹಾಕಲು ಓಡಿ ಬಂದಳು ಎಂದು ನಿನಗೆ ಉಸಿರು ಕಟ್ಟಿರಬಹುದು. ಹಾಗಿದ್ದರೆ ಹಾಗೆಂದು ಬರಿ. ನನಗೆ ಬೇಜಾರಾಗುತ್ತದೆ, ಆದರೆ ಬೇಜಾರು ಪಟ್ಟುಕೊಂಡು ಸುಮ್ಮನಾಗುತ್ತೇನೆ. ಸುಮ್ಮನಾಗುವುದು ನನಗೂ ಬರುತ್ತದೆ. ಭಾವ ನಂಬುವುದಿಲ್ಲ, ನೀನಾದರೂ ನಂಬು.

ಬಡಗಿಗೆ ಬೇಡವೆಂದು ಹೇಳಿಲ್ಲ. ತಡಿ ಎಂದಿದ್ದೇನೆ.

ಅಕ್ಕ



ಮೇ ೪

ಪುಟ್ಟಾ,

ಹೋದ ಕಾಗದ ಸಿಕ್ಕಿತೋ ಇಲ್ಲವೋ. ಸಿಕ್ಕಿದ್ದರೆ ಉತ್ತರ ಬೇಡ, ಒಂದು ಚೌಕ ಬರೆದು ಕಳಿಸು ಸಾಕು.

ಭಾವ ನಗುವುದನ್ನು ಕಡಿಮೆ ಮಾಡಿದ್ದಾರೆ. ನೋಡಲಾಗುವುದಿಲ್ಲ.

ಅಕ್ಕ



ಮೇ ೧೩

ಅಕ್ಕ,

ಕಾಗದ ಎರಡೂ ಸಿಕ್ಕಿದವು. ಭಾವನಿಗೆ ಮೊದಲಿನಂತೆ ನಗಲು ಹೇಳು. ಈ ಮನುಷ್ಯ ನಗದಿದ್ದರೆ ಹಲ್ಲಿನ ಡಾಕ್ಟರೆಂದು ಯಾರು ನಂಬುತ್ತಾರೆ?

ನೀನು ಬರೆದದ್ದು ಪೂರ್ತಿ ತಲೆಕೆಳಗು. ನಿಜ ಹೇಳುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಮಾತಾಡುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಮೊದಲ ಬಿನ್ನಹ ಕಳಿಸುವ ಮುಂಚಿನಿಂದಲೂ ನಾನು ಇದೇ ಲೆಕ್ಕ ಹಾಕುತ್ತಿದ್ದೆ. ದಿಂಬಿನ ಕೆಳಗೆ ನರ್ಸಮ್ಮನಿಗೆ ಸಿಕ್ಕ ಹಾಳೆಗಳು ಅವೇ. ಹೆಬ್ಬಾತಿನ ಕೆಳ ಅಂತಸ್ತನ್ನು ಎಷ್ಟು ಸಲ ಬರೆದೆನೋ. ಅಡುಗೆಕೋಣೆಯ ಗೋಡೆ ಸರಿಸಿದೆ, ಬಚ್ಚಲನ್ನು ತಿರುಗಿಸಿದೆ, ಒಮ್ಮೆ ಮೆಟ್ಟಿಲನ್ನೇ ತೆಗೆದುಹಾಕಿದೆ. ಆಮೇಲೆ ನೀವಿಬ್ಬರೂ ಮಹಡಿಯ ಮೇಲೆ ಸಿಕ್ಕಿಕೊಂಡಿದ್ದೀರೆಂದು ಹೊಳೆಯಿತು, ವಾಪಸ್ ಹಾಕಿದೆ. ಹೇಗೆ ಬರೆದರೂ ಮೇಜಿನ ಕೋಣೆಯೊಂದೇ ಉಳಿಯುತ್ತದೆ. ಅದರಲ್ಲಿ ಆ ಮೇಜು.

ಅಕ್ಕಾ, ಆ ಮೇಜಿನ ಮುಂದೆ ನೀನು ನಿಲ್ಲುವ ರೀತಿ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬಟ್ಟೆಯ ಥಾನನ್ನು ಒಂದೇ ಸಲ ಮೇಜಿನುದ್ದಕ್ಕೂ ಉರುಳಿಸಿ, ಕತ್ತರಿ ಹಾಕುವ ಮುಂಚೆ ಒಂದು ಕ್ಷಣ ಸುಮ್ಮನೆ ನೋಡುತ್ತೀಯ. ಬೋರ್ಡಿನ ಮೇಲೆ ಮೊದಲ ಅಕ್ಷರ ಎಳೆಯುವ ಮುಂಚೆ ನಾನೂ ಹಾಗೇ ನೋಡುತ್ತಿದ್ದೆ. ನಿನ್ನ ಮಂಡಿ ಹೇಗಿದೆ ಎಂದು ಗೊತ್ತಿದ್ದೂ, ನನಗೆ ಜಾಗ ಮಾಡಲು ನೀನು ನೆಲಕ್ಕೆ ಕೂತು ಬಟ್ಟೆ ಕತ್ತರಿಸುವುದನ್ನು ನಾನು ದಿನಾ ಮೇಲಿನಿಂದ ಕೂತು ನೋಡಬೇಕಾ? ಇನ್ನು ಆ ಕೋಣೆಯಲ್ಲಿ ಮೇಜಿಲ್ಲ ಅಂದರೆ ಆಟವೂ ಇಲ್ಲ. ಭಾವ, ಟೀಚರ್ ಮಂಚದ ಮೇಲೆ ಕೂತು ನನ್ನ ಮುಖ ನೋಡುತ್ತಾರೆ. ಆಮೇಲೆ ಅದು ಆಟವಲ್ಲ, ರೋಗಿಯನ್ನು ನೋಡಿಕೊಂಡು ಹೋಗಲು ಬಂದ ಹಾಗೆ.

ನಿಲ್ದಾಣ ಚೆನ್ನಾಗಿದೆ ಎಂದು ಬರೆದಿದ್ದೆ. ಅರ್ಧ ಸುಳ್ಳು. ಜನ ಒಳ್ಳೆಯವರು, ಕೋಣೆಗೆ ಬೆಳಕು ಬರುತ್ತದೆ. ಆದರೆ ಊಟದ ಹಾಲಿನಲ್ಲಿ ಎಲ್ಲರೂ ಸಾಲಾಗಿ ಗೋಡೆ ನೋಡಿಕೊಂಡು ಕೂರುತ್ತೇವೆ, ಗಾಲಿಗಳು ಒಂದಕ್ಕೊಂದು ತಾಗಬಾರದಲ್ಲ. ಮುಂದೇನಾಯಿತು ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಆ ಪ್ರಶ್ನೆ ಕೇಳಿಸಿಕೊಂಡು ನನಗೆ ಅಭ್ಯಾಸವಾಗಿಬಿಟ್ಟಿದೆ.

ಬರುವ ಆಸೆ ಇಲ್ಲ ಅಂತಲ್ಲ. ನನ್ನನ್ನು ಎಲ್ಲಿ ನಿಲ್ಲಿಸಿದರೂ ಅಲ್ಲಿಂದ ಯಾರಾದರೂ ಎದ್ದು ಹೋಗಬೇಕಾಗುತ್ತದೆ. ಅಂಥ ಜಾಗ ನನಗೆ ಬೇಡ. ವಸತಿಯ ಕಾಗದ ನನ್ನ ಮುಂದೆಯೇ ಇದೆ, ಈ ತಿಂಗಳ ಕೊನೆಗೆ ಸಹಿ ಹಾಕುತ್ತೇನೆ. ಕೋಪ ಮಾಡಿಕೊಳ್ಳಬೇಡ.

ತಮ್ಮ



ಮೇ ೨೦

ಪುಟ್ಟಾ,

ಸಹಿ ಹಾಕಬೇಡ. ಪೆನ್ನು ಕೆಳಗಿಟ್ಟು ಇದನ್ನು ಓದು.

ನಿನ್ನ ಕಾಗದವನ್ನು ಮೊದಲು ನಾನೊಬ್ಬಳೇ ಓದಿದೆ. ಆಮೇಲೆ ಭಾವನಿಗೆ ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಭಾನುವಾರ ಮಧ್ಯಾಹ್ನ ಟೀಚರ್ ಬಂದರು. ನೀನು ಆಟ ನಿಲ್ಲಿಸು ಎಂದಿದ್ದರೂ ನಾವು ಭಾನುವಾರ ಮೇಜಿನ ಸುತ್ತ ಕೂರುವುದನ್ನು ಬಿಟ್ಟಿಲ್ಲ. ಸೂತ್ರಧಾರನಿಲ್ಲದೆ ಏನು ಮಾಡುತ್ತೀರಿ ಎಂದು ಕೇಳಬೇಡ. ಚಹಾ ಕುಡಿಯುತ್ತೇವೆ.

ಮೇಜಿನ ಮೇಲೆ ನಿನ್ನ ನಕ್ಷೆ ಹರಡಿ, ಟೀಚರಿಗೆ ಮೊದಲಿನಿಂದ ವಿವರಿಸಿದೆ. ವಾಹನಕ್ಕೆ ನಾಲ್ಕು ಚೌಕ. ಸಿಬ್ಬಂದಿಗೆ ಮೇಜಿನ ಸುತ್ತ ನಾಲ್ಕು ಕುರ್ಚಿ, ಕುರ್ಚಿ ಎಳೆದು ಕೂರಲು, ಹಿಂದೆ ಓಡಾಡಲು ಸುತ್ತ ಒಂದೊಂದು ಚೌಕ. ಎಲ್ಲ ಕೂಡಿದರೆ ಕೋಣೆ ಸಾಲದು, ನಾಲ್ಕು ಚೌಕದ ಕೊರತೆ. ಟೀಚರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಿದ್ದೆ ಹೋದರೆಂದುಕೊಂಡೆವು. ಅವರು ಕಣ್ಣು ತೆರೆಯದೆ, ನಿನ್ನ ಕುರ್ಚಿಯ ಕಡೆ ಬೆರಳು ತೋರಿಸಿ ಕೇಳಿದರು:

"ಅಲ್ಲಮ್ಮಾ, ಅವನು ಗಾಡೀನ ಒಂದ್ಕಡೆ ನಿಲ್ಲಿಸಿ, ಇಳಿದು ಬಂದು, ಈ ಕುರ್ಚಿ ಮೇಲೆ ಕೂತ್ಕೋತಾನಾ?"

ಭಾವ ನನ್ನ ಮುಖ ನೋಡಿದರು, ನಾನು ಭಾವನ ಮುಖ ನೋಡಿದೆ. ನಾನು ಎದ್ದು ನಿನ್ನ ಕುರ್ಚಿಯನ್ನು ಎತ್ತಿ ಹೊರಗಿಟ್ಟೆ.

ಪುಟ್ಟಾ, ನಾವಿಬ್ಬರೂ ಸೇರಿ ಒಬ್ಬನೇ ಮನುಷ್ಯನಿಗೆ ಎರಡು ಸಲ ಜಾಗ ಹಿಡಿದಿದ್ದೇವೆ. ನಿಯಮದ ಪುಸ್ತಕದಲ್ಲಿ ವಾಹನವೆಂದರೆ ಖಾಲಿ ವಾಹನ. ಓಡಿಸುವವನು ಇಳಿದು ಮೇಲೆ ಹೋಗುತ್ತಾನೆ, ಅದು ಕೆಳಗೆ ಕಟ್ಟಿಹಾಕಿಸಿಕೊಂಡು ನಿಲ್ಲುತ್ತದೆ. ಅದಕ್ಕೇ ಸೀಟು ಬೇರೆ, ವಾಹನದ ಜಾಗ ಬೇರೆ. ನಕ್ಷೆಗಾರನ ವಾಹನ ನಮ್ಮ ಜೊತೆಗಿರುವಾಗ ಖಾಲಿ ಇರುವುದೇ ಇಲ್ಲ. ಅವನು ಅದರಲ್ಲೇ ಕೂತು ಮೇಜಿಗೆ ಬರುತ್ತಾನೆ. ನಿನ್ನನ್ನು ಎಲ್ಲಿ ನಿಲ್ಲಿಸುವುದು ಎಂದು ಮೂರು ತಿಂಗಳು ಜಗಳವಾಡಿದೆವು. ನಿನ್ನನ್ನು ಯಾಕಪ್ಪಾ ನಿಲ್ಲಿಸಬೇಕು?

ಉಳಿದದ್ದನ್ನೂ ಕೇಳು. ತಿರುಗಲು ಜಾಗ ಮೇಜಿನ ಸುತ್ತ ಆಗಲೇ ಇದೆ, ಯಾಕೆಂದರೆ ನಾನು ಹೆಗಲ ಮೇಲೆ ಥಾನು ಹೊತ್ತು ಅಲ್ಲೇ ತಿರುಗುವುದು, ನಾನೂ ಥಾನೂ ಸೇರಿದರೆ ನಿನಗಿಂತ ಅಗಲ. ಸ್ಟೂಲಿಗೆ ಮತ್ತೆ ಹಲಗೆ ಕಟ್ಟಿ ಭಾವನನ್ನು ಓಡಿಸಿದೆ. ಮೇಜನ್ನು ಸುತ್ತು ಹಾಕಿ ಎಲ್ಲೂ ತಾಗದೆ ಬಂದರು, ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದರು. ಮಲಗಲು ಮಂಚ ಕಿಟಕಿಯ ಕೆಳಗೆ. ಅಲ್ಲಿರುವ ಚೂರುಬಟ್ಟೆಯ ಕಪಾಟನ್ನು ಖಾಲಿ ಮಾಡಬೇಕೆಂದು ಭಾವ ಮದುವೆಯಾದಾಗಿನಿಂದ ಬೇಡಿಕೊಳ್ಳುತ್ತಿದ್ದಾರೆ, ನಿನ್ನ ದೆಸೆಯಿಂದ ಅವರ ಹರಕೆ ತೀರಿತು. ರಾತ್ರಿ ನೀನು ಮಲಗಿದಾಗ ಮಾತ್ರ ವಾಹನ ಖಾಲಿ. ಆಗ ಅದು ಮಂಚದ ಪಕ್ಕದಲ್ಲೇ, ಅರ್ಧ ಮೇಜಿನ ಕೆಳಗೆ ಹೋಗಿ ನಿಲ್ಲುತ್ತದೆ. ಕತ್ತರಿಸುವ ಮೇಜು ಎತ್ತರ, ಟೇಪು ಹಿಡಿದು ನೋಡಿದ್ದೇನೆ. ಬಚ್ಚಲಿಗೆ ಮಾತ್ರ ಗೋಡೆ ಒಡೆದು ಈ ಕೋಣೆಯಿಂದಲೇ ಬಾಗಿಲು ಇಡಿಸಬೇಕು. ನಿನ್ನ ಭಾವ ಸಿಕ್ಕಿಕೊಂಡ ಆ ಜಾಗಕ್ಕೆ ಯಾರನ್ನೂ ಕಳಿಸುವುದು ಬೇಡ.

ಮೇಜು ನಿನಗೆ ಎತ್ತರವಾಗುತ್ತದೆ, ನಿಜ. ಅದರ ಕಾಲು ಕೊಯ್ಯಿಸುವುದಿಲ್ಲ, ನನ್ನ ಬೆನ್ನು ಕೊಯ್ಯಿಸಿಕೊಂಡ ಹಾಗಾಗುತ್ತದೆ. ನಿನ್ನ ಕಡೆಗೆ, ಮೇಜಿನ ಕೆಳಗಿನಿಂದ ಎಳೆದರೆ ಬರುವ ಒಂದು ಹಲಗೆ ಮಾಡಿಕೊಡುವುದಾಗಿ ಬಡಗಿ ಒಪ್ಪಿದ್ದಾನೆ. ನೀನು ಅದರ ಮೇಲೆ ದಾಳ ಉರುಳಿಸಿದರೆ ನಮಗ್ಯಾರಿಗೂ ಕಾಣುವುದಿಲ್ಲ. ಇಷ್ಟು ವರ್ಷ ಪುಸ್ತಕ ಅಡ್ಡ ಹಿಡಿದು ಮೋಸ ಮಾಡುತ್ತಿದ್ದೆ, ಇನ್ನು ರಾಜಾರೋಷವಾಗಿ ಮಾಡು.

ಯಾರೂ ಎದ್ದು ಹೋಗುತ್ತಿಲ್ಲ. ಒಂದು ಕುರ್ಚಿ ಹೋಯಿತು, ಅಷ್ಟೇ. ಅದೂ ಕೂತರೆ ಕಿರುಗುಟ್ಟುತ್ತಿತ್ತು.

ಇದು ಹೆಬ್ಬಾತಿನ ಕ್ಯಾಪ್ಟನ್ ಮಾಡಿದ ನಡೆ. ಇದು ಮನೆಯ ವಿಷಯವೂ ಹೌದು. ಫೋನ್ ಇಡುವುದಾದರೆ ಇಡು, ಕಾಗದ ಇಡಲು ಬರುವುದಿಲ್ಲ.

ಅಕ್ಕ



ಮೇ ೨೭

ಅಕ್ಕ,

ನಿನ್ನ ಕಾಗದ ಬಂದಾಗ ಫಿಸಿಯೋ ಮೇಡಂ ನನ್ನ ಎಡಗೈಯನ್ನು ಎಲ್ಲೋ ಎಳೆದುಕೊಂಡು ಹೋಗುತ್ತಿದ್ದರು. ಬಲಗೈಯಲ್ಲಿ ಹಿಡಿದು ಓದಿದೆ. ಕಣ್ಣಲ್ಲಿ ನೀರು ನೋಡಿ, ಅವರು ನೋವಾಯಿತಾ ಎಂದು ಕೈ ಬಿಟ್ಟರು. ಅವರು ಹಾಗೆ ಕೈ ಬಿಟ್ಟದ್ದನ್ನು ಈ ಕೇಂದ್ರದಲ್ಲಿ ಯಾರೂ ಕಂಡಿಲ್ಲವಂತೆ. ಪಕ್ಕದ ಮಂಚದವರು, ಆ ಕಾಗದದಲ್ಲಿ ಏನು ಬರೆದಿತ್ತು, ತಮಗೂ ಅಂಥದೊಂದು ಬರೆಸಿಕೊಡಿ ಎನ್ನುತ್ತಿದ್ದಾರೆ.

ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿದೆ. ತಪ್ಪು ಹುಡುಕಲೆಂದೇ ಮಾಡಿದೆ, ಸುಳ್ಳೇಕೆ. ಹಳೆಯ ಹಾಳೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ನೋಡಿದೆ. ಒಂದೊಂದರಲ್ಲೂ ಮೇಜಿನ ಸುತ್ತ ನಾಲ್ಕು ಕುರ್ಚಿ. ವಾಹನಕ್ಕಾಗಿ ಗೋಡೆ ಸರಿಸಿದ್ದೇನೆ, ಮೆಟ್ಟಿಲು ಕಿತ್ತಿದ್ದೇನೆ, ನನ್ನ ಕುರ್ಚಿಯನ್ನು ಮಾತ್ರ ಎಲ್ಲೂ ತೆಗೆದಿಲ್ಲ. ಆ ಕುರ್ಚಿಯಲ್ಲಿ ಇನ್ನೂ ನಡೆದಾಡುವ ನಾನು ಕೂತಿದ್ದೆ ಅನ್ನಿಸುತ್ತದೆ. ಅವನನ್ನು ಏಳಿಸಲು ನನಗೆ ಮನಸ್ಸಿರಲಿಲ್ಲ. ನೀನು ಎತ್ತಿ ಹೊರಗಿಟ್ಟೆ. ಒಂದು ರಾತ್ರಿ ಕಷ್ಟವಾಯಿತು. ಬೆಳಗ್ಗೆ ಎದ್ದು ನೋಡಿದರೆ ಲೆಕ್ಕ ಕೂಡಿತ್ತು.

ವಸತಿಯ ಕಾಗದವನ್ನು ಸಹಿ ಹಾಕದೆ ಹಿಂದಕ್ಕೆ ಕೊಟ್ಟೆ. ಮೇಲ್ವಿಚಾರಕರಿಗೆ ಬೇಜಾರಾಯಿತು, ನನಗಾಗಿಯಲ್ಲ, ಇನ್ನೂ ಬರೆಯಬೇಕಾದ ಬೋರ್ಡುಗಳಿದ್ದವು. ಮನೆಯಿಂದಲೇ ಬರೆದು ಕಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಂದರೆ ನಿನ್ನ ಮೇಜಿನ ಒಂದು ಮೂಲೆ ಹಗಲು ಹೊತ್ತಿನಲ್ಲೂ ನನಗೆ ಬೇಕು. ಪರದೆಗೆ ಬಣ್ಣ ತಾಗಿದರೆ ನನ್ನ ತಪ್ಪು, ಬೋರ್ಡಿಗೆ ಗುಂಡುಸೂಜಿ ಚುಚ್ಚಿದರೆ ನಿನ್ನ ತಪ್ಪು.

ಶನಿವಾರ ಇಲ್ಲಿಂದ ಬಿಡುತ್ತಾರೆ. ಇನ್ನು ಮುಂದಿನದು ಸೂತ್ರಧಾರನಾಗಿ ಬರೆಯುತ್ತಿದ್ದೇನೆ. ಆಟ ಮತ್ತೆ ಶುರು.

ಚಂದ್ರನಿಲ್ದಾಣ. ಉದ್ದ ಕಾರಿಡಾರಿನ ತುದಿಯಲ್ಲಿ ನಕ್ಷೆಗಾರ ಒಂದು ಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕಾಯುತ್ತಿದ್ದಾನೆ. ಹೆದರಿದ್ದಾನೆ, ತೋರಿಸಿಕೊಳ್ಳುತ್ತಿಲ್ಲ. ಹೊರಗೆ ಒಂದು ನೌಕೆ ಬಂದಿಳಿದ ಸದ್ದಾಗುತ್ತದೆ. ಬಾಗಿಲು ತೆರೆಯುತ್ತದೆ.

ಕ್ಯಾಪ್ಟನ್ ಏನು ಮಾಡುತ್ತಾಳೆ?

ತಮ್ಮ



ಮೇ ೩೧

ಪುಟ್ಟಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಂಚೆಯವರನ್ನು ನಂಬಿ ಕೂತರೆ ಶನಿವಾರ ದಾಟಿಬಿಡುತ್ತದೆ. ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಕುಣಿಯುತ್ತಿದೆ. ಎದುರು ಸೀಟಿನಲ್ಲಿ ಭಾವ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಾರೆ. ಒಳಗೆ ಇನ್ನೂ ಜಾಗವಿದೆ.

ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲವಲ್ಲ, ಅದಕ್ಕೆ ಮೊದಲು ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ತುಟಿ ಬಿಚ್ಚುವುದಿಲ್ಲ. ಭಾವ ಇದರ ಮೇಲೆ ಪಂದ್ಯ ಕಟ್ಟಿದ್ದಾರೆ, ಬೇಗ ಬೇಗ ಓದು.

ಕ್ಯಾಪ್ಟನ್ ಇಳಿದು ಬರುತ್ತಾಳೆ. ನಕ್ಷೆಗಾರನ ಮಡಿಲಿನ ಚೀಲವನ್ನು ತಾನು ತೆಗೆದುಕೊಳ್ಳುತ್ತಾಳೆ. ಗಾಲಿಯನ್ನು ಮುಟ್ಟುವುದಿಲ್ಲ. ಅವನ ಪಕ್ಕದಲ್ಲಿ ನಡೆಯುತ್ತಾಳೆ.

ಇದಕ್ಕೆ ದಾಳ ಹಾಕಬೇಕಾಗಿಲ್ಲ.

ಅಕ್ಕ